ಹುಳಕ್ಕೆ ಪರ್ಮಿಟ್ ಕೇಳುವವರು ಯಾರು?

ಹಿರಿಯೂರಿನಿಂದ ಧರ್ಮಪುರ ದಾಟಿ ಇನ್ನೂ ಸ್ವಲ್ಪ ಮುಂದೆ ಹೋದರೆ ಆಂಧ್ರ. ಬೋರ್ಡಿನ ಮೇಲಿನ ಅಕ್ಷರ ಬದಲಾಗುತ್ತದೆ, ಅಷ್ಟೇ. ಈಚೆ ಹೊಲದಲ್ಲೂ ಶೇಂಗಾ, ಆಚೆ ಹೊಲದಲ್ಲೂ ಶೇಂಗಾ. ಚೆಕ್‌ಪೋಸ್ಟ್ ಅಂದರೆ ನಮಗೆ ಗೊತ್ತಿರುವುದು ಆರ್‌ಟಿಒದವರದ್ದು, ಅರಣ್ಯ ಇಲಾಖೆಯದ್ದು, ಎಲೆಕ್ಷನ್ ಬಂದಾಗ ಪೊಲೀಸರು ಹಾಕುವುದು. ಅಲ್ಲಿ ನೋಡುವುದು ಕಾಗದ, ಮರದ ದಿಮ್ಮಿ, ದುಡ್ಡು. ಲಾರಿ ನಿಲ್ಲಿಸಿ, ಟಾರ್ಪಾಲಿನ್ ಎತ್ತಿ, "ಈ ಸಸಿಗೆ ಹುಳ ಹತ್ತಿದೆಯಾ?" ಎಂದು ಕೇಳುವ ಚೆಕ್‌ಪೋಸ್ಟನ್ನು ನಾವು ನಮ್ಮ ಜಿಲ್ಲೆಯಲ್ಲಿ ಕಂಡಿಲ್ಲ.

ಅಂಥದ್ದು ಜಗತ್ತಿನಲ್ಲಿ ಇಲ್ಲವೆಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1920ರ ದಶಕದ ಆರಂಭದಿಂದಲೂ ತನ್ನ ಗಡಿ ರಸ್ತೆಗಳಲ್ಲಿ ಕೃಷಿ ತಪಾಸಣೆ ನಡೆಸುತ್ತಿದೆ. ಈಗ 16 ಠಾಣೆಗಳಿವೆ. ಕಾರಿನಲ್ಲಿ ಹೋಗುವವರನ್ನೂ ಬಿಡುವುದಿಲ್ಲ, ಹಣ್ಣು ಇದೆಯಾ, ಗಿಡ ಇದೆಯಾ ಎಂದು ಕೇಳುತ್ತಾರೆ. ಅಲ್ಲಿನ ಕಿತ್ತಳೆ ಬೆಳೆಗಾರರು ಹೊರಗಿನ ಹುಳಕ್ಕೆ ಹೆದರಲು ಹಳೆಯ ಕಾರಣವೂ ಇತ್ತು. ಆಸ್ಟ್ರೇಲಿಯಾದಿಂದ ಗಿಡಗಳ ಜೊತೆ ಬಂದ, ಹತ್ತಿಯ ಉಂಡೆಯಂತೆ ಬೆಳ್ಳಗೆ ಕಾಣುವ ಒಂದು ಶಲ್ಕ ಕೀಟ 1868ರ ಹೊತ್ತಿಗೆ ಅಲ್ಲಿ ಕಾಣಿಸಿಕೊಂಡು, ಇಪ್ಪತ್ತು ವರ್ಷದಲ್ಲಿ ಕಿತ್ತಳೆ ತೋಟಗಳನ್ನು ಮುಗಿಸುವ ಹಂತಕ್ಕೆ ತಂದಿತ್ತು.

ಅದೇ ಕೀಟ ನಮ್ಮ ಪಕ್ಕಕ್ಕೂ ಬಂತು. 1928ರಲ್ಲಿ ನೀಲಗಿರಿಯ ವ್ಯಾಟಲ್ ಮರಗಳ ಮೇಲೆ ಅದು ಪತ್ತೆಯಾಯಿತು. ಮದ್ರಾಸ್ ಪ್ರಾಂತ್ಯದ ಕೈಯಲ್ಲಿ ಆಗಲೇ 1919ರ ಪೀಡೆ ಮತ್ತು ರೋಗಗಳ ಕಾನೂನಿತ್ತು. 1940ರ ದಶಕದಲ್ಲಿ ಬೆಟ್ಟದಿಂದ ಇಳಿಯುವ ದಾರಿಗಳಲ್ಲಿ, ಮೆಟ್ಟುಪಾಳ್ಯಂ ಮತ್ತು ಗೂಡಲೂರಿನಲ್ಲಿ, ಗಿಡಗಳ ತಪಾಸಣೆಗೆ ಠಾಣೆ ಕೂರಿಸಿದರು. ಗೂಡಲೂರು ಅಂದರೆ ಗುಂಡ್ಲುಪೇಟೆಗೆ, ಅಲ್ಲಿಂದ ಮೈಸೂರಿಗೆ ಬರುವ ದಾರಿ. ನಮ್ಮ ಸೀಮೆಗೆ ತೀರಾ ಹತ್ತಿರದಲ್ಲಿ ನಿಂತ ಹುಳದ ಚೆಕ್‌ಪೋಸ್ಟ್ ಎಂದು ನಾವು ಹೆಸರಿಸಬಹುದಾದ್ದು ಇದೇ.

ಆದರೂ ಕೀಟ ಕೊಡೈಕೆನಾಲ್ ತಲುಪಿತು. ಮುಂದೆ ಈ ಕೀಟದ ಕಾರಣಕ್ಕೆ ಗಿಡ ಸಾಗಣೆಗೆ ನಿರ್ಬಂಧ ಹಾಕಿದ ರಾಜ್ಯಗಳ ಪಟ್ಟಿಯಲ್ಲಿ ತಮಿಳುನಾಡು, ಕೇರಳದ ಜೊತೆ ಕರ್ನಾಟಕದ ಹೆಸರೂ ಸೇರಿತು. ಗಡಿಯಲ್ಲಿ ತಡೆಯಬೇಕಾದ ರೋಗ ನೆರೆಯವರದ್ದೇ ಎಂದುಕೊಳ್ಳುವ ನಮಗೆ ಇದು ಸ್ವಲ್ಪ ಕಸಿವಿಸಿಯ ವಿಷಯ.

ಕಾನೂನಿಗೆ ಬರಗಾಲವಿರಲಿಲ್ಲ. ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ 1914ರದ್ದು. ಅದರ ಮೊದಲ ಗಮನ ಬಂದರುಗಳ ಮೇಲೆ, ಅಂದರೆ ಹಡಗಿನಲ್ಲಿ ಬರುವ ಬೀಜ, ಗಿಡ, ಹತ್ತಿಯ ಮೇಲೆ. ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಸಾಗಣೆ ತಡೆಯುವ ಅಧಿಕಾರ ಸೇರಿದ್ದು 1938ರ ತಿದ್ದುಪಡಿಯಲ್ಲಿ. ನಮ್ಮ ರಾಜ್ಯಕ್ಕೆ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿದರೆ ಗಿಡ, ಮಣ್ಣು, ಗೊಬ್ಬರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗದಂತೆ ತಡೆಯಬಹುದು. ಬರೆದದ್ದೆಲ್ಲಾ ಚೆನ್ನಾಗಿಯೇ ಇದೆ.

ಆಮೇಲೆ ತೆಂಗಿನ ನುಸಿ ಬಂತು.

ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆಗಾಯಿಯ ತೊಟ್ಟಿನ ಕೆಳಗೆ ಬಿಳಿ ತ್ರಿಕೋನದಂಥ ಗುರುತು, ಅದು ಬರಬರುತ್ತಾ ಕಂದಾಗಿ, ಸಿಪ್ಪೆ ಒಡೆದು, ಕಾಯಿ ಸೊಟ್ಟಗಾಗುವುದು. ಮೆಕ್ಸಿಕೋದ ಗೆರೆರೋ ಎಂಬ ಸೀಮೆಯಿಂದ ಸಿಕ್ಕ ಮಾದರಿ ನೋಡಿ 1965ರಲ್ಲಿ ವಿಜ್ಞಾನಿಯೊಬ್ಬರು ಇದಕ್ಕೆ ಹೆಸರಿಟ್ಟರು. ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಿಂದ. ಆಸುಪಾಸಿನ ಹೊತ್ತಿನಲ್ಲೇ ಶ್ರೀಲಂಕಾದಲ್ಲೂ ಕಂಡಿತು. ಕೆಲವೇ ವರ್ಷಗಳಲ್ಲಿ ದಕ್ಷಿಣದ ತೆಂಗಿನ ಸೀಮೆಯೆಲ್ಲಾ ಅದರದ್ದಾಯಿತು.

ನುಸಿಯ ಉದ್ದ ಒಂದು ಮಿಲಿಮೀಟರಿನ ಕಾಲುಭಾಗಕ್ಕಿಂತ ಹೆಚ್ಚಿಲ್ಲ. ಬರಿಗಣ್ಣಿಗೆ ಕಾಣದು. ತೊಟ್ಟಿನ ಟೊಪ್ಪಿಯ ಒಳಗೆ ಸಂಸಾರ ಹೂಡುತ್ತದೆ, ಹಾಗಾಗಿ ಮೇಲೆ ಹೊಡೆದ ಔಷಧ ತಾಗುವುದೂ ಕಷ್ಟ. ಮರದಿಂದ ಮರಕ್ಕೆ ಗಾಳಿಯಲ್ಲಿ ಹೋಗುತ್ತದೆ. ಆದರೆ ಸಮುದ್ರ ದಾಟಲು ಬರೀ ಗಾಳಿ ಸಾಲದು, ಕಾಯಿಯ ಜೊತೆಗೋ ಸಸಿಯ ಜೊತೆಗೋ ಬಂದಿರಬೇಕು ಎಂಬುದು ತಿಳಿದವರ ಊಹೆ. ಅಂದರೆ ಗೇಟಿನ ಕೆಲಸ ಏನಿದ್ದರೂ ಆ ಮೊದಲ ಕಾಯಿಯ ಹತ್ತಿರ. ಒಮ್ಮೆ ತೋಟಕ್ಕೆ ಇಳಿದ ಮೇಲೆ, ದಿನಕ್ಕೆಷ್ಟೋ ಲಾರಿ ಕಾಯಿ ಓಡಾಡುವ ನಮ್ಮ ಹೆದ್ದಾರಿಯಲ್ಲಿ, ಕಾಣದ ಪ್ರಾಣಿಯನ್ನು ಯಾರು, ಯಾವ ಕಾಯಿಯ ತೊಟ್ಟು ಕಿತ್ತು ಹುಡುಕಬೇಕಿತ್ತು?

ಆಗ ನಮ್ಮಲ್ಲಿ ಹಲವರು ಶಾಲೆಗೆ ಹೋಗುವ ಹುಡುಗರು. ದೊಡ್ಡವರು ಮರದ ಬುಡ ಅಗೆದು, ಎಳೆ ಬೇರೊಂದನ್ನು ಹುಡುಕಿ, ಓರೆಯಾಗಿ ಕತ್ತರಿಸಿ, ಔಷಧ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಕಟ್ಟುತ್ತಿದ್ದುದು ನೆನಪಿದೆ. ಬೇರು ಔಷಧ ಕುಡಿಯಿತಾ ಎಂದು ಮಾರನೇ ದಿನ ಹೋಗಿ ನೋಡುವುದು ನಮ್ಮ ಕೆಲಸ. ಮೊದಮೊದಲು ಮಾನೋಕ್ರೋಟೊಫಾಸ್ ಎಂಬ ಘೋರ ವಿಷವನ್ನೇ ಹೀಗೆ ಕಟ್ಟಲು ಹೇಳುತ್ತಿದ್ದರು. ಬೇವಿನ ಔಷಧ ಆಮೇಲೆ ಬಂತು. ಎಳನೀರು ಕುಡಿಯಬೇಡಿ ಎಂದು ಮನೆಯಲ್ಲಿ ಬೈದು ಹೇಳಿದ್ದು ಯಾಕೆಂದು ತಿಳಿಯುವಷ್ಟರಲ್ಲಿ ನಾವು ದೊಡ್ಡವರಾಗಿದ್ದೆವು. ಕಾಯಿ ಸಣ್ಣದಾಯಿತು, ಸುಲಿಯುವವರು ಗೊಣಗಿದರು, ವ್ಯಾಪಾರಿ ರೇಟು ಇಳಿಸಿದ. ಆ ನಷ್ಟ ಯಾವ ಗಡಿಯ ಲೆಕ್ಕಕ್ಕೂ ಸೇರಲಿಲ್ಲ.

ಸೈನಿಕ ಹುಳದ ಕಥೆ ಬೇರೆ. ಅದಕ್ಕೆ ಲಾರಿಯೂ ಬೇಡ. ಅಮೆರಿಕ ಖಂಡದ ಈ ಹುಳ 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಂಡು, 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾದದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅದರ ಪತಂಗ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. ಶಿವಮೊಗ್ಗದಿಂದ ಹೊಳಲ್ಕೆರೆ ಅಷ್ಟು ದೂರವೂ ಇಲ್ಲ. ದೇಶದ ಗಡಿಯಲ್ಲಿ ಹುಡುಕಬೇಕಾದ ಶತ್ರು ನಾಡಿನ ನಟ್ಟನಡುವೆ ಸಿಕ್ಕಿತು. ಇಂಥದ್ದಕ್ಕೆ ಯಾವ ಗೇಟು ಹಾಕಿದರೂ ಅಷ್ಟೇ.

ಹಾಗಾದರೆ ತಪಾಸಣೆಯೇ ದಂಡವಾ? ನಾವು ಹಾಗೆ ಹೇಳಲಾರೆವು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯದ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹತ್ತಿ, ಕರ್ನಾಟಕಕ್ಕೂ ಬಂತು. ಬೆಂಗಳೂರಿನ ಕೇಂದ್ರ ಸರ್ಕಾರದ ಕೀಟ ಸಂಶೋಧನಾ ಬ್ಯೂರೋ 2010ರಲ್ಲಿ ಪೋರ್ಟೊರಿಕೋದಿಂದ ಮೂರು ಬಗೆಯ ಪುಟ್ಟ ಕಣಜಗಳನ್ನು ತರಿಸಿತು. ಅವನ್ನು ಸೀದಾ ಹೊಲಕ್ಕೆ ಬಿಡಲಿಲ್ಲ. ಬೇರೆ ಯಾವುದಕ್ಕೂ ತೊಂದರೆ ಕೊಡುವುದಿಲ್ಲವೆಂದು ಕ್ವಾರಂಟೈನ್‌ನಲ್ಲಿಟ್ಟು ನೋಡಿ, ಆಮೇಲೆ ಬಿಟ್ಟರು. ತಿಗಣೆ ಹತೋಟಿಗೆ ಬಂತು. ಗೇಟು ಅಂದರೆ ಹೀಗಿರಬೇಕು ಅನ್ನಿಸುತ್ತದೆ.

ತದ್ವಿರುದ್ಧವೂ ಆಗಿದೆ. 2016ರಲ್ಲಿ ಪೊಳ್ಳಾಚಿ ಕಡೆ ತೆಂಗಿಗೆ ಹತ್ತಿದ ಸುರುಳಿ ಬಿಳಿನೊಣವನ್ನು ತಿನ್ನುವ ಕಣಜವನ್ನು ಯಾರೂ ಕರೆದು ತಂದಿರಲಿಲ್ಲ, ಅದು ತಾನಾಗಿಯೇ ಇಲ್ಲಿತ್ತು. ಗಡಿಯಲ್ಲಿ ಎಲ್ಲವನ್ನೂ ಬಿಗಿಯಾಗಿ ತಡೆದಿದ್ದರೆ ಅದೂ ಆಚೆಯೇ ಉಳಿಯುತ್ತಿತ್ತೋ ಏನೋ.

ಈಗ ನಮ್ಮನ್ನು ಕಾಡುವುದು ದಾಳಿಂಬೆ. ಹಿರಿಯೂರು, ಹೊಸದುರ್ಗದ ಎಷ್ಟೋ ರೈತರು ಬೋರ್‌ವೆಲ್ ನಂಬಿ, ಸಾಲ ಮಾಡಿ ದಾಳಿಂಬೆಗೆ ಇಳಿದರು. ದುಂಡಾಣು ಅಂಗಮಾರಿ ಎಲೆ, ಕಾಂಡ, ಕಾಯಿ ಮೂರಕ್ಕೂ ಬರುತ್ತದೆ. ಕಾಯಿ ಮೇಲೆ ಕಪ್ಪು ಚುಕ್ಕೆ ಎದ್ದು, ಬಿರಿದು, ಮಾರಲಾಗದಂತೆ ಆಗುತ್ತದೆ. ಮಳೆಹನಿಯ ಜೊತೆ, ಕತ್ತರಿಯ ಜೊತೆ ಗಿಡದಿಂದ ಗಿಡಕ್ಕೆ ದಾಟುತ್ತದೆ. ಆದರೆ ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಅದಕ್ಕೆ ಒಳ್ಳೆಯ ವಾಹನ ರೋಗ ಹತ್ತಿದ ಗೂಟಿ ಸಸಿ. ಇದು ಹಾರುವುದಿಲ್ಲ. ಯಾರೋ ಕಟ್ಟಿ, ಟೆಂಪೋಗೆ ಏರಿಸಿ, ದುಡ್ಡು ಇಸಿದುಕೊಂಡು ಕೊಡಬೇಕು. ತಪಾಸಣೆಯಿಂದ ತಡೆಯಬಹುದಾದ ರೋಗ ಒಂದಿದ್ದರೆ ಅದು ಇದೇ. ಗಡಿಯಲ್ಲಿ ಆಗದಿದ್ದರೆ ನರ್ಸರಿಯ ಬಾಗಿಲಲ್ಲಿ, ಅಲ್ಲೂ ಆಗದಿದ್ದರೆ ತೋಟದ ಬದುವಿನಲ್ಲಿ. ಸಸಿ ಯಾವ ನರ್ಸರಿಯದ್ದು, ತಾಯಿಗಿಡ ಹೇಗಿದೆ ಎಂದು ಕೇಳಿ, ಬಿಲ್ಲು ಇಟ್ಟುಕೊಂಡವರು ನಮಗೆ ಸಿಕ್ಕಿದ್ದು ಕಡಿಮೆ.

ಕಳೆದ ಮುಂಗಾರಿನ ಮೊದಲು ಹೊಸದುರ್ಗದ ರಸ್ತೆ ಪಕ್ಕ ಸಸಿ ತುಂಬಿದ ಟೆಂಪೋ ನಿಂತಿತ್ತು. ನಾಲ್ಕಾರು ಜನ ಸುತ್ತ ನಿಂತು ರೇಟು ಮಾತಾಡುತ್ತಿದ್ದರು. ನಾವೂ ಬೈಕು ನಿಲ್ಲಿಸಿದೆವು.

"ಎಲ್ಲಿಂದ ತಂದಿದ್ದಣ್ಣ ಸಸಿ?"

"ಆ ಕಡೆಯಿಂದ ಕಣಣ್ಣ. ಚೆನ್ನಾಗವೆ, ಎಷ್ಟು ಬೇಕು ಹೇಳಿ."

"ಬಿಲ್ಲು ಕೊಡ್ತೀರಾ?"

ಅವನು ನಗುತ್ತಾ ಪಕ್ಕದವರ ಸಸಿ ಎಣಿಸಲು ತಿರುಗಿದ.