ಎದುರಾಳಿಯನ್ನು ಗೊತ್ತುಮಾಡುವವರು: ಜಟ್ಟಿ ಕಾಳಗದಿಂದ ವರ್ಲಿಯ ಕಣದವರೆಗೆ

ವಯಸ್ಸು ಮೀರುತ್ತಿರುವ ಚಾಂಪಿಯನ್ನನೊಬ್ಬನ ಕುರಿತು ಅಭಿಮಾನಿಗಳ ನಡುವೆ ನಡೆಯುವ ವಾದವು ಕೊನೆಯ ಪಂದ್ಯದಲ್ಲಿ ಅವನು ತೋರಿದ ಕಸುವಿನಿಂದ ಆರಂಭವಾಗಿ, ಅವನ ಒಟ್ಟು ಸಾಧನೆಯ ತೂಕಕ್ಕೆ ಹೊರಳಿ, ಇನ್ನು ಮುಂದೆ ಅವನೆದುರು ಯಾರನ್ನು ನಿಲ್ಲಿಸಬೇಕು ಎಂಬಲ್ಲಿಗೆ ಬಂದು ಮುಟ್ಟುವುದು ವಾಡಿಕೆ. ಮೊದಲ ಎರಡು ವಿಷಯಗಳಲ್ಲಿ ಒಮ್ಮತ ಮೂಡುವುದು ಅಪರೂಪ, ಮೂಡಲೇಬೇಕೆಂಬ ಅಗತ್ಯವೂ ಇಲ್ಲ. ಮೂರನೆಯದಕ್ಕೆ ಮಾತ್ರ ಒಂದು ಇತಿಹಾಸವಿದೆ. ಎದುರಾಳಿಯನ್ನು ಗೊತ್ತುಮಾಡುವ ಅಧಿಕಾರವು ಅರಮನೆಯಿಂದ ಗರಡಿಗೆ, ಗರಡಿಯಿಂದ ಟಿಕೆಟ್ ಮಾರುವವನ ಕೈಗೆ ದಾಟುತ್ತ ಬಂದಂತೆ ಗೆಲುವಿನ ಬೆಲೆಯೂ ಬದಲಾಗಿದೆ. ಕರ್ನಾಟಕದ ಜಟ್ಟಿಗಳ ಕಾಳಗವನ್ನೂ ಮುಂಬಯಿಯ ವರ್ಲಿಯಲ್ಲಿ ನಡೆದ ಪಂದ್ಯಗಳನ್ನೂ ಜೊತೆಗಿಟ್ಟು ನೋಡಿದರೆ ಈ ಬದಲಾವಣೆ ಕಣ್ಣಿಗೆ ಬೀಳುತ್ತದೆ.

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದವೆಂಬ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲಕ್ಕೆ ತಕ್ಕಂತೆ ವಿಂಗಡಿಸುವ ಕ್ರಮವನ್ನು ಹೇಳಲಾಗಿದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸುವುದು ಅರಸನ ಹೊಣೆಯಾಗಿತ್ತು. ಅನ್ನ ಹಾಕಿದವನೇ ಯಾರ ಎದುರು ಯಾರು ಎಂಬುದನ್ನೂ ನಿರ್ಧರಿಸುತ್ತಿದ್ದುದು ಸಹಜವೇ ಆಗಿತ್ತು. ಸುಮಾರು 1520ರ ಹೊತ್ತಿಗೆ ವಿಜಯನಗರದ ಮಹಾನವಮಿಯನ್ನು ಕಂಡು ಬರೆದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಲ್ಲು ಉದುರಿಸಿ ಮುಖವನ್ನೇ ವಿಕಾರಗೊಳಿಸುವಷ್ಟು ಬಿರುಸಾದ ಹೊಡೆತಗಳ ಕಾಳಗವನ್ನು ವರ್ಣಿಸುತ್ತಾನೆ. ಆ ರಕ್ತಪಾತಕ್ಕಿಂತ ಮುಖ್ಯವಾದ ಸಂಗತಿಯೊಂದು ಅವನ ಬರಹದಲ್ಲಿದೆ: ಕಣದಲ್ಲಿ ನಾಯಕರೂ ತೀರ್ಪುಗಾರರೂ ಇದ್ದು, ಇಬ್ಬರನ್ನೂ ಸಮಸಮವಾಗಿ ನಿಲ್ಲಿಸುವುದು ಮತ್ತು ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುವುದು ಅವರ ಕೆಲಸವಾಗಿತ್ತು.

ಈ ಪರಂಪರೆಯ ಅತ್ಯಂತ ಸ್ಪಷ್ಟ ಚಿತ್ರ ದೊರೆಯುವುದು ಮೈಸೂರಿನ ವಜ್ರಮುಷ್ಟಿ ಕಾಳಗದಲ್ಲಿ. ವಜ್ರಮುಷ್ಟಿಯೆಂದರೆ ಬಲಗೈಯ ಬೆರಳುಗಳಿಗೆ ತೊಡುವ ಆಯುಧ. ಆ ಆಯುಧದ ಹೆಸರೇ ಕಾಳಗಕ್ಕೂ ಬಂದಿದೆ. 19ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಹತ್ತಿರದಿಂದ ನೋಡಿ ವಿವರಿಸಿದ್ದಾನೆ. ಎಮ್ಮೆಯ ಕೊಂಬಿನಲ್ಲಿ ಮಾಡಿದ ಆ ಸಾಧನಕ್ಕೆ ಬೆರಳ ಗೆಣ್ಣುಗಳ ನೇರಕ್ಕೆ ನಾಲ್ಕು ಚೂಪಾದ ಗುಬುಟುಗಳೂ ಕಿರುಬೆರಳಿನ ತುದಿಯಲ್ಲಿ ಉಳಿದವಕ್ಕೆ ಅಡ್ಡಲಾಗಿ ಚಾಚಿದ ಐದನೆಯದೊಂದೂ ಇದ್ದು, ಸರಿಯಾಗಿ ಹಿಡಿದರೆ ಸಾಧಾರಣ ಬಲದವನೂ ಎದುರಾಳಿಯ ತಲೆ ಸೀಳಬಹುದಾಗಿತ್ತು. ಆದರೆ ಅದನ್ನು ಬೆರಳುಗಳಿಗೆ ಬಿಗಿಯುತ್ತಿದ್ದ ಜಾಗವೇ ಬೇರೆಯಾಗಿದ್ದರಿಂದ, ಪೂರ್ತಿ ಬಲ ಬಿಟ್ಟು ಹೊಡೆದವನ ಬೆರಳ ಕೀಲುಗಳೇ ತಪ್ಪುವ ಅಪಾಯವಿತ್ತು. ಕೊಲ್ಲಬಲ್ಲ ಆಯುಧವನ್ನು ಕೊಲ್ಲಲಾಗದಂತೆ ಕಟ್ಟುವ ಈ ಜಾಣ್ಮೆಯ ಮುಂದೆ ಇಂದಿನ ಬಾಕ್ಸಿಂಗ್ ಗ್ಲೌಸು ಬಲು ಸರಳವಾದ ಉಪಾಯವೆನಿಸುತ್ತದೆ. ಹೂಮಾಲೆ ಧರಿಸಿದ ಜೋಡಿಗಳನ್ನು ಒಂದಾದಮೇಲೊಂದರಂತೆ ಕಣಕ್ಕೆ ಕರೆತಂದು, ಅವರ ಹೆಸರು ಮತ್ತು ಊರನ್ನು ಸಾರಿ, ಅರಸನಿಗೆ ನಮಸ್ಕಾರ ಮಾಡಿಸಿದ ಮೇಲೆ ಕಾಳಗಕ್ಕೆ ಬಿಡಲಾಗುತ್ತಿತ್ತೆಂದೂ, ಆ ಜೋಡಿಗಳನ್ನು ಉತ್ಸವದ ಮೇಲ್ವಿಚಾರಕರು ಮೊದಲೇ ಗೊತ್ತುಮಾಡಿರುತ್ತಿದ್ದರೆಂದೂ ವಿಲ್ಕ್ಸ್ ದಾಖಲಿಸುತ್ತಾನೆ.

ಕಾಳಗದ ಈ ಪದ್ಧತಿ ಇಂದಿಗೂ ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ಸಾಂಕೇತಿಕವಾಗಿ ಉಳಿದುಕೊಂಡಿದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಕಣಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಉಸ್ತಾದರು, ಅಂದರೆ ಗರಡಿಯ ಗುರುಗಳು, ನಡುವೆ ನುಗ್ಗಿ ಬಿಡಿಸುತ್ತಾರೆ. ಎಷ್ಟೋ ವೇಳೆ ಇಡೀ ಕಾಳಗ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ತೀರ್ಪು ಹಣೆಯ ಮೇಲೆಯೇ ಬರೆದಿರುವುದರಿಂದ ಅಂಕದ ಚೀಟಿಯ ಪ್ರಶ್ನೆ ಏಳುವುದಿಲ್ಲ.

ಕುಸ್ತಿಯಲ್ಲಿ ಈ ಅಧಿಕಾರ ಅರಮನೆಯಿಂದ ಕೊಂಚ ಕೆಳಗಿಳಿದು ಗರಡಿಮನೆಗಳಿಗೆ ಬಂದಿತು. ದಸರಾ ಕುಸ್ತಿಗೆ ಮುನ್ನ ಮೈಸೂರಿನಲ್ಲಿ 'ಜೋಡಿ ಕಟ್ಟುವುದು' ಎಂಬ ಪ್ರತ್ಯೇಕ ಕಾರ್ಯವೇ ನಡೆಯುತ್ತದೆ. ಪೈಲ್ವಾನರನ್ನು ಅಕ್ಕಪಕ್ಕ ನಿಲ್ಲಿಸಿ, ಎತ್ತರ ಮತ್ತು ತೂಕವನ್ನು ನೋಡಿ, ಹಿಂದೆ ಯಾರನ್ನು ಕೆಡವಿದ್ದಾನೆ, ಯಾರಿಂದ ಬಿದ್ದಿದ್ದಾನೆ ಎಂದು ವಿಚಾರಿಸಿ, ಎರಡೂ ಕಡೆಯ ಉಸ್ತಾದರು ಒಪ್ಪಿದ ಮೇಲೆಯೇ ಜೋಡಿ ನಿಲ್ಲುತ್ತದೆ. ಒಪ್ಪದಿದ್ದರೆ ಅಲ್ಲೇ ಮಾತಿಗೆ ಮಾತು ಬೆಳೆಯುವುದೂ ಉಂಟು. ಸಮಯದ ಮಿತಿಯಿಲ್ಲದೆ ಒಬ್ಬನು ಚಿತ್ ಆಗುವವರೆಗೆ, ಎಂದರೆ ಬೆನ್ನು ಮಣ್ಣಿಗೆ ತಾಗುವವರೆಗೆ ನಡೆಯುವ ಮಾರ್ಫಿಟ್ ಕುಸ್ತಿಗೆ ಜೋಡಿ ಕಟ್ಟುವಾಗ ಹಿರಿಯರು ಹೆಚ್ಚು ಎಚ್ಚರದಿಂದಿರುತ್ತಾರೆ. ಇಳಿವಯಸ್ಸಿನ ಪೈಲ್ವಾನನಿಗೆ ಎಳೆಯ ಹುಡುಗನನ್ನು ಗಂಟುಹಾಕಿ ಸುಲಭದ ಜಯ ಕೊಡಿಸುವುದಾಗಲಿ, ಏರು ಜವ್ವನದವನ ಕೈಗೆ ಅವನನ್ನು ಸಿಕ್ಕಿಸಿ ಅವಮಾನಿಸುವುದಾಗಲಿ ಗರಡಿಯ ಮರ್ಯಾದೆಗೆ ಸಲ್ಲದು. ಇಂದಿನ ಅಭಿಮಾನಿಗಳು ಪಂದ್ಯವಾದ ಮೇಲೆ ನಡೆಸುವ ಚರ್ಚೆ ಇಲ್ಲಿ ಪಂದ್ಯಕ್ಕೆ ಮೊದಲೇ, ಬಲ್ಲವರ ನಡುವೆ ಮುಗಿದಿರುತ್ತಿತ್ತು.

ಮುಂಬಯಿಗೆ ಬಂದಾಗ ಚಿತ್ರ ಬೇರೆಯಾಗುತ್ತದೆ. ಪಾಶ್ಚಾತ್ಯ ಮಾದರಿಯ ಬಾಕ್ಸಿಂಗ್ ಬ್ರಿಟಿಷ್ ಸೈನ್ಯದ ದಂಡು ಪ್ರದೇಶಗಳ ಮೂಲಕ ಭಾರತದಲ್ಲಿ ಹರಡಿತಾದರೂ ಅದಕ್ಕೆ ಸಂಘಟಿತ ರೂಪ ಬಂದದ್ದು ಈ ನಗರದಲ್ಲಿ. 1925ರಲ್ಲಿ ಬಾಂಬೆ ಪ್ರೆಸಿಡೆನ್ಸಿ ಅಮೆಚೂರ್ ಬಾಕ್ಸಿಂಗ್ ಫೆಡರೇಷನ್ ಸ್ಥಾಪನೆಯಾಯಿತು, 1949ರಲ್ಲಿ ರಾಷ್ಟ್ರೀಯ ಫೆಡರೇಷನ್ ರಚನೆಗೊಂಡ ಮೇಲೆ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1950ರಲ್ಲಿ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ನಡೆಯಿತು. ಅದೇ ಕಾಲಕ್ಕೆ ನಗರವು ಈಶಾನ್ಯಕ್ಕೆ ಬೆಳೆಯುತ್ತಿತ್ತು. 1940ರ ದಶಕದಲ್ಲಿ ಗೋದ್ರೇಜ್ ಸಂಸ್ಥೆಯು ವಿಕ್ರೋಳಿಯಲ್ಲಿ ಜಮೀನು ಕೊಂಡು ಕಾರ್ಖಾನೆಯನ್ನು ಕಟ್ಟತೊಡಗಿತು, ಮುಂದೆ ಪಿರೋಜ್‌ಶಾನಗರ, ಟಾಗೋರ್ ನಗರ, ಕನ್ನಂವಾರ್ ನಗರಗಳಲ್ಲಿ ದುಡಿಯುವವರ ವಸತಿಗಳು ಎದ್ದವು. ಕನ್ನಡಿಗರೂ ಅಲ್ಲಿ ನೆಲೆಯೂರಿ ಸಂಘ ಕಟ್ಟಿಕೊಂಡರು. ದೊಡ್ಡ ಪಂದ್ಯಗಳು ನಡೆಯುತ್ತಿದ್ದುದು ವರ್ಲಿ, ಚರ್ಚ್‌ಗೇಟ್‌ಗಳ ಕಡೆ. ವಿಕ್ರೋಳಿಯಂತಹ ಉಪನಗರಗಳ ಪಾಲಿಗೆ ಬಂದದ್ದು ಪ್ರೇಕ್ಷಕನ ಪಾತ್ರ, ಅಂದರೆ ಟಿಕೆಟ್ ಕೊಳ್ಳುವವನ ಪಾತ್ರ. ಗರಡಿಯ ಹಿರಿಯನ ಜಾಗದಲ್ಲಿ ಈಗ ಈ ಪ್ರೇಕ್ಷಕನ ಅಭಿರುಚಿ ಮತ್ತು ಅದನ್ನು ಊಹಿಸಿ ಹಣ ಹೂಡುವ ಪ್ರಮೋಟರ್ ಬಂದು ಕುಳಿತರು.

ಇದರ ಫಲವನ್ನು ತೂಗಿ ನೋಡಲು ದಾರಾ ಸಿಂಗ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. 1928ರಲ್ಲಿ ಪಂಜಾಬಿನಲ್ಲಿ ಹುಟ್ಟಿ, ಸಿಂಗಾಪುರ ಮತ್ತು ಮಲಯಾಗಳಲ್ಲಿ ಹೆಸರು ಮಾಡಿ, 1954ರಲ್ಲಿ ರುಸ್ತುಮ್-ಎ-ಹಿಂದ್ ಬಿರುದನ್ನೂ 1959ರಲ್ಲಿ ಕಲ್ಕತ್ತೆಯಲ್ಲಿ ಜಾರ್ಜ್ ಗೋರ್ಡಿಯೆಂಕೊನನ್ನು ಸೋಲಿಸಿ ಕಾಮನ್‌ವೆಲ್ತ್ ಪಟ್ಟವನ್ನೂ ಪಡೆದ ಈ ಮಲ್ಲನು ಮುಂಬಯಿಯನ್ನೇ ತನ್ನ ಊರಾಗಿಸಿಕೊಂಡನು. ಕಿಂಗ್ ಕಾಂಗ್ ಎಂದು ಹೆಸರಾದ ದೈತ್ಯದೇಹಿ ಎಮಿಲ್ ಚಾಯಾನೊಂದಿಗಿನ ಅವನ ಸೆಣಸಾಟಗಳು ಜನರ ಬಾಯಲ್ಲಿ ದಂತಕಥೆಗಳಾದವು. 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಸೋಲಿಸಿದಾಗ ದಾರಾ ಸಿಂಗ್ ವಿಶ್ವ ಚಾಂಪಿಯನ್ ಆದನೆಂದು ಸಾರಲಾಯಿತು. ಇಲ್ಲಿ ಇತಿಹಾಸಕಾರನು ಒಂದು ಕ್ಷಣ ತಡೆದು ನಿಲ್ಲಬೇಕಾಗುತ್ತದೆ. ಥೆಸ್‌ಗೆ ಆಗ 52 ವರ್ಷ, ದಾರಾ ಸಿಂಗ್‌ಗೆ 39. ಅಮೆರಿಕದ ವೃತ್ತಿಪರ ಕುಸ್ತಿಯ ಪ್ರಮುಖ ಒಕ್ಕೂಟವಾಗಿದ್ದ ಎನ್‌ಡಬ್ಲ್ಯುಎ ನೀಡುತ್ತಿದ್ದ ವಿಶ್ವಪಟ್ಟವನ್ನು ಥೆಸ್ 1966ರ ಜನವರಿಯಲ್ಲಿಯೇ ಜೀನ್ ಕಿನಿಸ್ಕಿಗೆ ಬಿಟ್ಟುಕೊಟ್ಟಾಗಿತ್ತು, ಮುಂಬಯಿಯ ಪಂದ್ಯದ ದಿನವೂ ಆ ಪಟ್ಟ ಕಿನಿಸ್ಕಿಯ ಬಳಿಯೇ ಇತ್ತು. ಹಾಗಾದರೆ ಸರಿಯಾದ ಎದುರಾಳಿ ಯಾರಾಗಿರಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ಆದರೆ ಮುಂಬಯಿಯ ಪ್ರೇಕ್ಷಕನಿಗೆ ಕಿನಿಸ್ಕಿಯ ಹೆಸರಿಗಿಂತ ಥೆಸ್‌ನ ಹೆಸರು ದೊಡ್ಡದಾಗಿತ್ತು, ಟಿಕೆಟ್ ಮಾರಾಟವಾಗುತ್ತಿದ್ದುದು ಹೆಸರಿನ ಮೇಲೆ.

ಫ್ರೀಸ್ಟೈಲ್ ಎಂದು ಕರೆಯಲಾಗುತ್ತಿದ್ದ ಈ ಪಂದ್ಯಗಳೆಲ್ಲ ನೂರಾ ಕುಸ್ತಿ, ಅಂದರೆ ಫಲಿತಾಂಶವನ್ನು ಮೊದಲೇ ಮಾತಾಡಿಕೊಂಡು ಆಡುವ ಆಟ ಎಂಬ ಆಕ್ಷೇಪ ಅಂದಿನಿಂದಲೂ ಇದೆ; ಅಖಾಡದ ಮಣ್ಣಿನಲ್ಲಿ ಪಳಗಿದವರು ಅವುಗಳನ್ನು ಕುಸ್ತಿಯೆಂದು ಒಪ್ಪಲು ಹಿಂಜರಿಯುತ್ತಿದ್ದರು. ವೃತ್ತಿಪರ ಕುಸ್ತಿಯ ಸ್ವರೂಪವನ್ನು ಬಲ್ಲವರು ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾರರು. ಆದರೂ ದಾರಾ ಸಿಂಗ್‌ನ ದೇಹಶಕ್ತಿ ಮತ್ತು ಪಟ್ಟುಗಳ ಅರಿವು ನಿಜವಾದವು ಎಂಬುದಕ್ಕೆ ಥೆಸ್‌ನೇ ಮುಂದೆ ಸಾಕ್ಷಿ ನುಡಿದಿದ್ದಾನೆ. 1983ರಲ್ಲಿ ದೆಹಲಿಯಲ್ಲಿ ನಿವೃತ್ತನಾಗುವವರೆಗೂ ಅವನ ಬಗೆಗಿನ ವಾದ ಬಗೆಹರಿಯಲಿಲ್ಲ. ಅವನಲ್ಲಿ ಕೊರತೆಯಿದ್ದುದರಿಂದ ಹೀಗಾಯಿತೆನ್ನಲಾಗದು. ವಾದವನ್ನು ಬಗೆಹರಿಸಬಲ್ಲ ಜೋಡಿಯನ್ನು ಕಟ್ಟುವ ಹೊಣೆ ಯಾರದೂ ಆಗಿರಲಿಲ್ಲ.

ಇದೇ ತೊಡಕು ಅರ್ಧ ಶತಮಾನದ ಬಳಿಕ ಮುಷ್ಟಿಯುದ್ಧದಲ್ಲಿ ಮರುಕಳಿಸಿತು. 2017ರ ಆಗಸ್ಟ್ 5ರಂದು ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಭಾರತದ ಬಾಕ್ಸರ್ ವಿಜೇಂದರ್ ಸಿಂಗ್ ಚೀನಾದ ಜುಲ್ಪಿಕಾರ್ ಮೈಮೈತಿಯಾಲಿಯನ್ನು ಎದುರಿಸಿದನು. ಡೋಕ್ಲಾಂ ಗಡಿಯಲ್ಲಿ ಎರಡೂ ದೇಶಗಳ ಸೈನ್ಯಗಳು ಮುಖಾಮುಖಿಯಾಗಿದ್ದ ದಿನಗಳವು. ಪ್ರಚಾರಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ವಿಜೇಂದರ್‌ಗೆ 31, ಎದುರಾಳಿಗೆ 23. ವೃತ್ತಿಪರರಾಗಿ ಇಬ್ಬರೂ ಅಜೇಯರು. ವಿಜೇಂದರ್ ಬಳಿ ಬಾಕ್ಸಿಂಗ್ ಸಂಸ್ಥೆ ಡಬ್ಲ್ಯುಬಿಒದ ಏಷ್ಯಾ ಪೆಸಿಫಿಕ್ ಪಟ್ಟವಿತ್ತು, ಎದುರಾಳಿಯ ಬಳಿ ಅದೇ ಸಂಸ್ಥೆಯ ಓರಿಯಂಟಲ್ ಪಟ್ಟವಿತ್ತು. ಇವೆರಡೂ ಪ್ರಾದೇಶಿಕ ಪಟ್ಟಗಳೇ ಹೊರತು ವಿಶ್ವಪಟ್ಟಗಳಲ್ಲ. ಹತ್ತು ಸುತ್ತುಗಳ ಪಂದ್ಯದಲ್ಲಿ ಪ್ರತಿ ಸುತ್ತಿಗೂ ಮೇಲುಗೈಯಾದವನಿಗೆ 10, ಮತ್ತೊಬ್ಬನಿಗೆ ಸಾಮಾನ್ಯವಾಗಿ 9 ಅಂಕಗಳನ್ನು ಕೊಡುವುದು ಈಗಿನ ಪದ್ಧತಿ. ಮೂವರು ತೀರ್ಪುಗಾರರೂ ವಿಜೇಂದರ್ ಗೆದ್ದನೆಂದರು: 96-93, 95-94, 95-94. ಇಬ್ಬರ ಲೆಕ್ಕದಲ್ಲಿ ಅಂತರ ಒಂದೇ ಅಂಕ. ಗೆದ್ದ ಪಟ್ಟವನ್ನು ಗಡಿಯ ಶಾಂತಿಗಾಗಿ ಎದುರಾಳಿಗೇ ಮರಳಿಸುವೆನೆಂದು ವಿಜೇಂದರ್ ರಿಂಗಿನಲ್ಲಿಯೇ ಹೇಳಿದ್ದು ಪತ್ರಿಕೆಗಳ ತಲೆಬರಹವಾಯಿತು. ಆ ಒಂದಂಕದ ಅಂತರ ಏನನ್ನು ಸೂಚಿಸುತ್ತದೆ ಎಂಬುದು ಹಿಂದೆ ಸರಿಯಿತು. ಕೊನೆಯ ಸುತ್ತುಗಳಲ್ಲಿ ಕಾಲ್ಚಳಕ ಕುಗ್ಗಿದ್ದ ಬಾಕ್ಸರನೊಬ್ಬನು ಅನುಭವದ ಬಲದಿಂದ ಪಾರಾದ ಪಂದ್ಯವದು ಎನ್ನುವುದೇ ನ್ಯಾಯವಾದ ಮಾತು.

ಆಮೇಲಿನ ವರ್ಷಗಳಲ್ಲಿ ಮುಂದಿನ ಎದುರಾಳಿಯೆಂದು ಪದೇ ಪದೇ ಕೇಳಿಬಂದ ಹೆಸರು ಬ್ರಿಟನ್ನಿನ ಬಾಕ್ಸರ್ ಆಮಿರ್ ಖಾನ್‌ನದು. ಇಬ್ಬರ ತೂಕದ ವರ್ಗಗಳೇ ಬೇರೆಬೇರೆಯಾಗಿದ್ದರೂ ಉಪಖಂಡದ ಮಾರುಕಟ್ಟೆಗೆ ಆ ಜೋಡಿ ಹೇಳಿ ಮಾಡಿಸಿದಂತಿತ್ತು. ಅದು ನಡೆಯಲೇ ಇಲ್ಲ, ಖಾನ್ 2022ರ ಮೇ ತಿಂಗಳಲ್ಲಿ ನಿವೃತ್ತನಾದನು. ವಿಜೇಂದರ್ 2021ರ ಮಾರ್ಚಿನಲ್ಲಿ ಪಣಜಿಯ ಕ್ಯಾಸಿನೊ ಹಡಗೊಂದರ ಮಹಡಿಯ ಮೇಲೆ ರಷ್ಯದ ಆರ್ತಿಶ್ ಲೋಪ್ಸನ್‌ಗೆ ಐದನೆಯ ಸುತ್ತಿನಲ್ಲಿ ಸೋತು, ಸತತ 12 ಗೆಲುವುಗಳ ಓಟವನ್ನು ಕಳೆದುಕೊಂಡನು. 2022ರ ಆಗಸ್ಟಿನಲ್ಲಿ ರಾಯಪುರದಲ್ಲಿ ಘಾನಾದ ಎಲಿಯಾಸು ಸುಲ್ಲಿಯನ್ನು ಎರಡನೆಯ ಸುತ್ತಿನಲ್ಲಿಯೇ ಕೆಡವಿದನು. ಈ ಸೋಲು ಗೆಲುವುಗಳೆರಡರಿಂದಲೂ ಅವನ ಸ್ಥಾನ ಹೆಚ್ಚು ಕದಲಿದಂತೆ ಕಾಣುವುದಿಲ್ಲ.

ಅವನ ಸ್ಥಾನ ನಿಂತಿರುವುದು 2008ರ ಬೀಜಿಂಗ್ ಒಲಿಂಪಿಕ್ಸಿನ ಕಂಚಿನ ಮೇಲೆ, ಬಾಕ್ಸಿಂಗಿನಲ್ಲಿ ಭಾರತಕ್ಕೆ ದೊರೆತ ಮೊದಲ ಒಲಿಂಪಿಕ್ ಪದಕದ ಮೇಲೆ. ಅಲ್ಲಿ ಎದುರಾಳಿಯನ್ನು ಗೊತ್ತುಮಾಡಿದ್ದು ಪ್ರಮೋಟರನೂ ಅಲ್ಲ, ಉಸ್ತಾದನೂ ಅಲ್ಲ. ಅದು ಚೀಟಿ ಎತ್ತಿ ನಿರ್ಧರಿಸಿದ ಸರಣಿ. ಚೀಟಿಗೆ ಮುಲಾಜಿಲ್ಲ. 75 ಕಿಲೊ ವರ್ಗದ ಕ್ವಾರ್ಟರ್ ಫೈನಲಿನಲ್ಲಿ ಈಕ್ವೆಡಾರಿನ ಕಾರ್ಲೋಸ್ ಗೊಂಗೊರಾನನ್ನು 9-4ರಿಂದ ಸೋಲಿಸಿದ ವಿಜೇಂದರ್, ಸೆಮಿಫೈನಲಿನಲ್ಲಿ ಕ್ಯೂಬಾದ ಎಮಿಲಿಯೊ ಕೊರಿಯಾನೆದುರು 5-8ರಿಂದ ಸೋತನು. ಮುಂದೆ ಗೊಂಗೊರಾ ಕೂಡ ವೃತ್ತಿಪರನಾಗಿ, ವಿಜೇಂದರ್ ಸೆಣಸುತ್ತಿದ್ದ ಸೂಪರ್ ಮಿಡಲ್‌ವೇಟ್ ವರ್ಗದಲ್ಲಿಯೇ 2020ರ ಡಿಸೆಂಬರಿನಲ್ಲಿ ಐಬಿಒ ಸಂಸ್ಥೆಯ ಪಟ್ಟ ಗೆದ್ದನು. ಹಳೆಯ ಗರಡಿಯ ಹಿರಿಯರು ಜೋಡಿ ಕಟ್ಟಲು ಕುಳಿತಿದ್ದರೆ ತೂಕ ಒಂದೇ, ಹಿಂದಿನ ಲೆಕ್ಕವೂ ಬಾಕಿಯಿದೆ ಎಂದು ಮೊದಲು ಈ ಇಬ್ಬರನ್ನೇ ಅಕ್ಕಪಕ್ಕ ನಿಲ್ಲಿಸುತ್ತಿದ್ದರು. ವೃತ್ತಿಪರ ಕಣದಲ್ಲಿ ಅವರಿಬ್ಬರೂ ಒಮ್ಮೆಯೂ ಎದುರಾಗಲಿಲ್ಲ.