ವಂತಿಗೆಯ ಶಾಲೆಗಳು

ಊರಿನವರು ವಂತಿಗೆ ಎತ್ತಿ ಗುಡಿಯೊಂದನ್ನು ಕಟ್ಟಿಸುವುದು, ಕೆರೆಯ ಹೂಳು ತೆಗೆಸುವುದು, ಶಾಲೆಗೆ ಒಂದು ಕೋಣೆ ಹಾಕಿಸುವುದು ವಾಚಕರಿಗೆ ಹೊಸ ಸಂಗತಿಯಲ್ಲ. ಉಳ್ಳವರು ಹಣ ಕೊಡುತ್ತಾರೆ, ಇಲ್ಲದವರು ಎರಡು ದಿನದ ದುಡಿಮೆ ಕೊಡುತ್ತಾರೆ, ಬಡಗಿ ತನ್ನ ಕೈಕೆಲಸ ಕೊಡುತ್ತಾನೆ. ಇಂಥ ಊರಿಗೆ ಹೊರಗಿನ ಧನಿಕನೊಬ್ಬ ಬಂದು, "ನಿಮಗೇಕೆ ಈ ತೊಂದರೆ? ಇಡೀ ಖರ್ಚು ನನ್ನದು" ಎಂದರೆ ಏನಾಗುತ್ತದೆಂಬುದನ್ನೂ ತಾವು ಊಹಿಸಬಲ್ಲಿರಿ. ಕಟ್ಟಡ ಬೇಗ ಏಳುತ್ತದೆ; ಬಾಗಿಲಿನ ಮೇಲೆ ಧನಿಕನ ಹೆಸರೂ ಏಳುತ್ತದೆ; ಹಂಚು ಒಡೆದು ಸೋರತೊಡಗಿದಾಗ ಊರಿನವರು ಅವನ ಮನೆಯ ಕಡೆ ನೋಡುತ್ತಾರೆ. ಹಾಗಾದರೆ ಹಣವಂತನು ದೂರವೇ ಉಳಿಯಬೇಕೆ? ಕೆಲಸವನ್ನು ಊರಿನವರ ಕೈಯಿಂದ ಕಿತ್ತುಕೊಳ್ಳದೆ ಅವರಿಗೆ ನೆರವಾಗುವ ಬಗೆ ಇಲ್ಲವೆ? ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ದೊರೆತ ಒಂದು ಉತ್ತರವನ್ನು ಇಲ್ಲಿ ವಿಚಾರಿಸೋಣ.

ಆ ದೇಶದಲ್ಲಿ ಗುಲಾಮಗಿರಿ ೧೮೬೫ರಲ್ಲಿ ಕಾನೂನಿನಿಂದ ಕೊನೆಗೊಂಡಿತು. ಬಿಡುಗಡೆ ಹೊಂದಿದ ಕಪ್ಪು ಜನರು ಮೊಟ್ಟಮೊದಲು ಬಯಸಿದುದರಲ್ಲಿ ಅಕ್ಷರವೂ ಒಂದು. ಗುಲಾಮರಿಗೆ ಓದು ಕಲಿಸುವುದು ಹಲವು ದಕ್ಷಿಣ ಸಂಸ್ಥಾನಗಳಲ್ಲಿ ಅಪರಾಧವಾಗಿತ್ತಾದ್ದರಿಂದ ಅದರ ಬೆಲೆ ಅವರಿಗೆ ಚೆನ್ನಾಗಿಯೇ ತಿಳಿದಿತ್ತು. ಆದರೆ ಶತಮಾನದ ಕೊನೆಯ ಹೊತ್ತಿಗೆ ಗಾಳಿ ತಿರುಗಿತು. ೧೮೯೬ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 'ಪ್ರತ್ಯೇಕ, ಆದರೆ ಸಮಾನ' ಎಂಬ ನೀತಿಗೆ ಒಪ್ಪಿಗೆಯ ಮುದ್ರೆ ಒತ್ತಿತು. ಪ್ರತ್ಯೇಕವೇನೋ ಆಯಿತು, ಸಮಾನತೆಯ ಸುಳಿವೇ ಕಾಣಲಿಲ್ಲ. ಅಲಬಾಮಾ ಸಂಸ್ಥಾನವು ೧೯೦೧ರಲ್ಲಿ ಹೊಸ ಸಂವಿಧಾನವನ್ನು ಮಾಡಿಕೊಂಡು ಕಪ್ಪು ಜನರ ಮತದ ಹಕ್ಕನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಮತವಿಲ್ಲದವನ ಮಾತನ್ನು ಶಾಲಾಮಂಡಲಿ ಕೇಳುವುದುಂಟೆ? ತೆರಿಗೆಯ ಹಣ ಬಿಳಿಯರ ಶಾಲೆಗಳ ಕಡೆಗೆ ಹರಿಯಿತು. ಕಪ್ಪು ಮಕ್ಕಳು ಇಗರ್ಜಿಯಲ್ಲೋ, ಬಿರುಕುಬಿಟ್ಟ ಮರದ ಗುಡಿಸಲಿನಲ್ಲೋ, ಹತ್ತಿಯ ಹೊಲದಲ್ಲಿ ಕೆಲಸವಿಲ್ಲದ ಕೆಲವೇ ತಿಂಗಳು ಕುಳಿತು ಓದಬೇಕಾಯಿತು.

ಈ ಕಥೆಯಲ್ಲಿ ಮುಖ್ಯರಾಗಿ ಬರುವವರು ಇಬ್ಬರು. ಬುಕರ್ ವಾಷಿಂಗ್ಟನ್ ೧೮೫೬ರಲ್ಲಿ ವರ್ಜೀನಿಯದಲ್ಲಿ ಗುಲಾಮಳ ಮಗನಾಗಿ ಹುಟ್ಟಿ, ೧೮೮೧ರಿಂದ ಅಲಬಾಮಾದ ಟಸ್ಕೀಗಿ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದವರು. ಜೂಲಿಯಸ್ ರೋಸನ್‌ವಾಲ್ಡ್ ೧೮೬೨ರಲ್ಲಿ ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಜರ್ಮನಿಯಿಂದ ಬಂದ ಯೆಹೂದಿ ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿದವರು. ಪ್ರೌಢಶಾಲೆಯನ್ನೂ ಮುಗಿಸದ ಈತ ಷಿಕಾಗೋ ನಗರದ ಸಿಯರ್ಸ್ ರೋಬಕ್ ಕಂಪೆನಿಯ ಮುಖ್ಯಸ್ಥನಾದ. ಹಳ್ಳಿಗಾಡಿನ ರೈತನಿಗೆ ಸಚಿತ್ರ ಪಟ್ಟಿಯನ್ನು ಕಳಿಸಿ, ಅಂಚೆಯ ಮೂಲಕವೇ ಗುಂಡಿಸೂಜಿಯಿಂದ ಹಿಡಿದು ಮನೆ ಕಟ್ಟುವ ಸಾಮಾನಿನವರೆಗೆ ಮಾರಿ ಕೋಟಿಗಟ್ಟಲೆ ಗಳಿಸಿದ ಕಂಪೆನಿ ಅದು. ವಾಷಿಂಗ್ಟನ್ ಅವರ ಆತ್ಮಕಥೆಯನ್ನು ಓದಿ ಮನಸೋತ ರೋಸನ್‌ವಾಲ್ಡ್ ೧೯೧೧ರಲ್ಲಿ ಅವರನ್ನು ಕಂಡರು. ಆ ವರ್ಷವೇ ಟಸ್ಕೀಗಿಗೂ ಹೋಗಿಬಂದರು.

ಅದಕ್ಕೆ ಸ್ವಲ್ಪ ಮುಂಚೆಯೇ ರೋಸನ್‌ವಾಲ್ಡ್ ಒಂದು ವಿಚಿತ್ರವಾದ ಕರಾರನ್ನು ಲೋಕದ ಮುಂದಿಟ್ಟಿದ್ದರು. ಕಪ್ಪು ಯುವಕರಿಗಾಗಿ ವೈ. ಎಂ. ಸಿ. ಎ. ಭವನವನ್ನು ಕಟ್ಟಲು ಯಾವ ನಗರ ೭೫,೦೦೦ ಡಾಲರುಗಳನ್ನು ಕೂಡಿಸುತ್ತದೆಯೋ ಅದಕ್ಕೆ ತಾವು ೨೫,೦೦೦ ಕೊಡುವುದಾಗಿ ಹೇಳಿದ್ದರು. ಮೂರು ಪಾಲು ನಿಮ್ಮದು, ಒಂದು ಪಾಲು ನನ್ನದು. ವ್ಯಾಪಾರಿಯ ಬುದ್ಧಿ ಎಂದು ತಾವು ನಗಬಹುದು. ನಿಜವಾಗಿಯೂ ವ್ಯಾಪಾರಿಯ ಬುದ್ಧಿಯೇ. ಆದರೆ ಈ ಲೆಕ್ಕದಲ್ಲಿ ಲಾಭ ಯಾರಿಗೆ ಹೋಯಿತೆಂಬುದನ್ನು ಮುಂದೆ ಕಾಣುವಿರಿ.

೧೯೧೨ರಲ್ಲಿ ತಮ್ಮ ಐವತ್ತನೆಯ ಹುಟ್ಟುಹಬ್ಬದ ನೆನಪಿಗೆ ರೋಸನ್‌ವಾಲ್ಡ್ ಟಸ್ಕೀಗಿಗೆ ೨೫,೦೦೦ ಡಾಲರುಗಳನ್ನು ಕೊಟ್ಟರು. ಹಂಚಿಕೆಯೆಲ್ಲ ಮುಗಿದು ಒಂದಿಷ್ಟು ಹಣ ಮಿಕ್ಕಿತು. ಮಿಕ್ಕಿದ ಹಣದಿಂದ ಸುತ್ತಲಿನ ಹಳ್ಳಿಗಳಲ್ಲಿ ಆರು ಪುಟ್ಟ ಶಾಲೆಗಳನ್ನು ಕಟ್ಟಬಹುದೆ ಎಂದು ವಾಷಿಂಗ್ಟನ್ ಕೇಳಿದರು. ಇದು ಅವರಿಗೆ ಒಮ್ಮೆಲೇ ಹೊಳೆದ ವಿಚಾರವಲ್ಲ. ಟಸ್ಕೀಗಿಯ ಕ್ಲಿಂಟನ್ ಕ್ಯಾಲವೇ ಎಂಬವರು ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಸೇರಿಸಿ ಶಾಲೆ ಕಟ್ಟಿಸುವ ಕೆಲಸದಲ್ಲಿ ಆಗಲೇ ನುರಿತಿದ್ದರು. ವಂತಿಗೆ ಎತ್ತುವ ಪದ್ಧತಿ ಆ ಜನರದು. ಹಣವಂತನು ಬಂದುದು ಆಮೇಲೆ. ಈ ಹಿಂದುಮುಂದನ್ನು ವಾಚಕರು ದಯವಿಟ್ಟು ಗಮನದಲ್ಲಿಡಬೇಕು, ಏಕೆಂದರೆ ಮುಂದೆ ಆ ಶಾಲೆಗಳಿಗೆಲ್ಲ ಧನಿಕನ ಹೆಸರೇ ಅಂಟಿಕೊಂಡಿತು.

ಮೊದಲು ಪೂರ್ತಿಯಾದುದು ಲೋಚಪೋಕ ಎಂಬ ಊರಿನ ಶಾಲೆ, ೧೯೧೩ರಲ್ಲಿ. ಅದರ ಖರ್ಚಿನ ಪಟ್ಟಿ ಇಡೀ ಚಳವಳಿಯನ್ನು ಸಂಕ್ಷೇಪವಾಗಿ ಹೇಳುತ್ತದೆ. ಒಟ್ಟು ವೆಚ್ಚ ೯೪೨ ಡಾಲರು ೫೦ ಸೆಂಟು. ರೋಸನ್‌ವಾಲ್ಡ್ ಕೊಟ್ಟುದು ೩೦೦. ಕಪ್ಪು ಜನರು ೧೫೦ ಡಾಲರಿನ ನೆಲ ಕೊಟ್ಟರು, ೧೩೨ ಡಾಲರು ೫೦ ಸೆಂಟಿನ ಶ್ರಮದಾನ ಮಾಡಿದರು. ಉಳಿದ ೩೬೦ ಬಿಳಿಯ ನೆರೆಹೊರೆಯವರಿಂದ ಬಂತು. ಶ್ರಮದಾನಕ್ಕೂ ಬೆಲೆ ಕಟ್ಟಿ ಹಣದ ಸಾಲಿನಲ್ಲಿಯೇ ಬರೆದುದನ್ನು ನೋಡಿ. ಸುತ್ತಿಗೆ ಹಿಡಿದವನೂ ಈ ಲೆಕ್ಕದಲ್ಲಿ ದಾನಿಯೇ.

ಸಿಯರ್ಸ್ ಕಂಪೆನಿಯ ಸಿದ್ಧಪಡಿಸಿದ ಕಟ್ಟಡದ ಭಾಗಗಳನ್ನೇ ತಂದು ಜೋಡಿಸಿದರೆ ಅಗ್ಗವಾದೀತೆಂಬ ಸೂಚನೆಯೂ ಆಗ ಬಂದಿತ್ತು. ವಾಷಿಂಗ್ಟನ್ ಅದನ್ನು ಒಪ್ಪಲಿಲ್ಲ. ಮರವನ್ನು ಊರಿನಲ್ಲೇ ಕಡಿಯಬೇಕು, ಗೋಡೆಯನ್ನು ಊರಿನವರೇ ಎಬ್ಬಿಸಬೇಕು. ದಾನಿಯು ತನ್ನ ಅಂಗಡಿಯ ಸರಕನ್ನು ಬದಿಗಿಟ್ಟು ಹಳ್ಳಿಯವರ ಮರಮುಟ್ಟಿಗೆ ದಾರಿ ಬಿಟ್ಟುದು ಸಣ್ಣ ಮಾತಲ್ಲ ಎಂದು ನನಗೆ ತೋರುತ್ತದೆ. ಹಣ ಕೊಟ್ಟವನಿಗೆ 'ಹಾಗಲ್ಲ, ಹೀಗೆ' ಎನ್ನುವ ಧೈರ್ಯ ಪಡೆದವನಿಗೆ ಇರುವುದೂ, ಆ ಮಾತನ್ನು ಕೇಳುವ ವ್ಯವಧಾನ ಕೊಟ್ಟವನಿಗೆ ಇರುವುದೂ ಎಲ್ಲೆಲ್ಲಿಯೂ ಕಾಣುವ ಸಂಗತಿಯಲ್ಲ.

ಆರು ಶಾಲೆ ನೂರಾಯಿತು, ನೂರು ಸಾವಿರವಾಯಿತು. ನಿಯಮ ಸರಳವಾಗಿತ್ತು. ಊರಿನವರು ತಮ್ಮ ಪಾಲನ್ನು ನಗದಾಗಿಯೋ, ನೆಲವಾಗಿಯೋ, ಮರವಾಗಿಯೋ, ದುಡಿಮೆಯಾಗಿಯೋ ತರಬೇಕು. ಜಿಲ್ಲೆಯ ಶಾಲಾಮಂಡಲಿಯೂ ಕೈ ಕೂಡಿಸಬೇಕು. ಕಟ್ಟಡವೂ ನೆಲವೂ ಸಾರ್ವಜನಿಕ ಶಾಲೆಯ ಆಸ್ತಿಯೆಂದು ಬರೆದುಕೊಡಬೇಕು. ಈ ಕೊನೆಯ ಷರತ್ತಿನ ಜಾಣತನವನ್ನು ಮೆಚ್ಚಲೇಬೇಕು. ಶಾಲೆ ಸರಕಾರದ್ದಾದರೆ ಉಪಾಧ್ಯಾಯರ ಸಂಬಳವನ್ನು ಸರಕಾರವೇ ಕೊಡಬೇಕಷ್ಟೆ. ಕಪ್ಪು ಮಕ್ಕಳ ಕಡೆ ಮುಖ ತಿರುಗಿಸಿ ಕುಳಿತಿದ್ದ ಅಧಿಕಾರಿಗಳ ಲೆಕ್ಕದ ಪುಸ್ತಕದಲ್ಲಿ ಆ ಮಕ್ಕಳಿಗೂ ಒಂದು ಪುಟ ತೆರೆಯುವಂತಾಯಿತು.

ಹಣ ಕೂಡಿದ ಬಗೆಯನ್ನು ಹೇಳಿದರೆ ಮನಸ್ಸು ಆರ್ದ್ರವಾಗುತ್ತದೆ. ಕೊಡಲು ಅವರಲ್ಲಿ ಏನಿತ್ತು? ಹೆಚ್ಚಿನವರು ಇನ್ನೊಬ್ಬರ ಹೊಲವನ್ನು ಪಾಲಿಗೆ ಉಳುವವರು. ಸುಗ್ಗಿಯಲ್ಲಿ ಹಳೆಯ ಸಾಲ ತೀರಿಸಿ, ಮಳೆಗಾಲಕ್ಕೆ ಹೊಸ ಸಾಲ ಮಾಡುವವರು. ಹೆಂಗಸರು ಅಡಿಗೆ ಮಾಡಿ ಬುತ್ತಿ ಕಟ್ಟಿ ಹರಾಜು ಹಾಕಿದರು. ಮೀನು ಹುರಿದು ಮಾರಿದರು. ರೈತರು ಹತ್ತಿಯ ಹೊಲದಲ್ಲಿ ಒಂದು ತುಂಡನ್ನು ಶಾಲೆಯ ಹೆಸರಿಗೆ ಬಿಟ್ಟು ಅದರ ಬೆಳೆಯನ್ನು ತಂದುಕೊಟ್ಟರು. ಹಳ್ಳಿಯಿಂದ ಹಳ್ಳಿಗೆ ಓಡಾಡಿ ಇದನ್ನೆಲ್ಲ ಹುರಿದುಂಬಿಸಿದವರಲ್ಲಿ ಕಪ್ಪು ಉಪಾಧ್ಯಾಯಿನಿಯರೇ ಬಹುಮಂದಿ. ಅಲಬಾಮಾದ ಒಂದು ಹಳ್ಳಿಯ ಸಭೆಯಲ್ಲಿ, ಗುಲಾಮಗಿರಿಯ ದಿನಗಳನ್ನು ಕಂಡಿದ್ದ ಮುದುಕನೊಬ್ಬ ಜಿಡ್ಡುಹತ್ತಿದ ಹಳೆಯ ಚೀಲವನ್ನು ಹೊರತೆಗೆದು, ತನ್ನ ಆಯುಷ್ಯದ ಉಳಿತಾಯವನ್ನೆಲ್ಲ ಮೇಜಿನ ಮೇಲೆ ಸುರಿದ. ಎಣಿಸಿದಾಗ ೩೮ ಡಾಲರು ಇತ್ತು. ತನಗೆ ಸಿಗದ ಅವಕಾಶ ಮೊಮ್ಮಕ್ಕಳ ಮಕ್ಕಳಿಗಾದರೂ ಸಿಗಲೆಂಬುದು ಅವನ ಆಸೆ. ಷಿಕಾಗೋ ನಗರದ ಕೋಟ್ಯಧಿಪತಿ ಎಷ್ಟು ಕೊಟ್ಟರೂ ಹೀಗೆ ಚೀಲ ಬರಿದು ಮಾಡಿ ಕೊಡಲು ಸಾಧ್ಯವಿರಲಿಲ್ಲ.

ಶಾಲೆಗಳೂ ಅಂದವಾಗಿದ್ದುವು. ಟಸ್ಕೀಗಿಯಲ್ಲಿ ಮೊದಲ ನಕ್ಷೆಗಳನ್ನು ಸಿದ್ಧಪಡಿಸಿದವರಲ್ಲಿ ರಾಬರ್ಟ್ ಟೇಲರ್ ಪ್ರಮುಖರು. ಮೆಸಾಚುಸೆಟ್ಸಿನ ಪ್ರಸಿದ್ಧ ತಾಂತ್ರಿಕ ವಿದ್ಯಾಲಯದಿಂದ ೧೮೯೨ರಲ್ಲಿ ಪದವಿ ಪಡೆದ ಕಪ್ಪು ವಾಸ್ತುಶಿಲ್ಪಿ ಅವರು. ಹಳ್ಳಿಗಳಲ್ಲಿ ವಿದ್ಯುತ್ತಿಲ್ಲ, ಆದಕಾರಣ ಎತ್ತರವಾದ ಕಿಟಕಿಗಳನ್ನು ಸಾಲಾಗಿ, ಮೂಡಲ ಪಡುವಲ ದಿಕ್ಕಿಗೆ ಮುಖಮಾಡಿ ಇಟ್ಟರು. ಬರೆಯುವ ಕೈಯ ನೆರಳು ಹಲಗೆಯ ಮೇಲೆ ಬೀಳದಂತೆ ಬೆಳಕು ಎಡಗಡೆಯಿಂದ ಬರಬೇಕೆಂದು ಮಕ್ಕಳ ಆಸನಗಳನ್ನು ಗೊತ್ತುಮಾಡಿದರು. ಎರಡು ಕೋಣೆಗಳ ನಡುವಣ ತಡಿಕೆಯನ್ನು ಸರಿಸಿದರೆ ಊರಿನ ಸಭೆಗೆ ಒಂದೇ ದೊಡ್ಡ ಕೋಣೆಯಾಗುತ್ತಿತ್ತು.

೧೯೩೨ರಲ್ಲಿ ಕಟ್ಟಡದ ಕಾರ್ಯಕ್ರಮ ನಿಲ್ಲುವ ಹೊತ್ತಿಗೆ ಹದಿನೈದು ಸಂಸ್ಥಾನಗಳಲ್ಲಿ ೪,೯೭೭ ಶಾಲೆಗಳು ಎದ್ದಿದ್ದುವು. ಉಪಾಧ್ಯಾಯರ ಮನೆಗಳನ್ನೂ ಕೈಕಸುಬಿನ ಶಾಲೆಗಳನ್ನೂ ಕೂಡಿಸಿದರೆ ೫,೩೫೭ ಕಟ್ಟಡಗಳು. ಒಟ್ಟು ವೆಚ್ಚ ೨ ಕೋಟಿ ೮೪ ಲಕ್ಷ ಡಾಲರು. ಇದರಲ್ಲಿ ಸರಕಾರದ ತೆರಿಗೆಯ ಹಣ ೧ ಕೋಟಿ ೮೧ ಲಕ್ಷ, ಬಿಳಿಯರ ಕೊಡುಗೆ ೧೨ ಲಕ್ಷ. ರೋಸನ್‌ವಾಲ್ಡ್ ನಿಧಿ ಕೊಟ್ಟುದು ೪೩ ಲಕ್ಷಕ್ಕೆ ಸ್ವಲ್ಪ ಮೇಲೆ. ಕಪ್ಪು ಜನರು ಕೊಟ್ಟುದು ೪೭ ಲಕ್ಷಕ್ಕೂ ಮೇಲೆ! ಬಡವರ ವಂತಿಗೆ ಕೋಟ್ಯಧಿಪತಿಯ ದಾನವನ್ನು ಮೀರಿಸಿತು. ಕಪ್ಪು ಮಕ್ಕಳ ವಿದ್ಯೆಯಲ್ಲಿ ಎರಡು ಮಹಾಯುದ್ಧಗಳ ನಡುವೆ ಕಂಡ ಮುನ್ನಡೆಯಲ್ಲಿ ಈ ಶಾಲೆಗಳ ಪಾಲು ದೊಡ್ಡದೆಂದು ಅರ್ಥಶಾಸ್ತ್ರಜ್ಞರು ೨೦೧೧ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಲೇಖಕಿ ಮಾಯಾ ಏಂಜೆಲೊ, ನಾಗರಿಕ ಹಕ್ಕುಗಳ ಹೋರಾಟದ ಮುಂದಾಳು ಜಾನ್ ಲೂಯಿಸ್ ಇಂಥ ಶಾಲೆಗಳಲ್ಲಿ ಕಲಿತವರು.

ಈಗ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕಪ್ಪು ರೈತನು ತೆರಿಗೆ ಕೊಡುತ್ತಿರಲಿಲ್ಲವೆ? ಕೊಡುತ್ತಿದ್ದ. ಆ ಹಣದಿಂದ ಬಿಳಿಯರ ಮಕ್ಕಳು ಓದಿದರು. ತನ್ನ ಮಗುವಿನ ಶಾಲೆಗೆ ಅವನು ಮತ್ತೊಮ್ಮೆ ವಂತಿಗೆ ಕೊಡಬೇಕಾಯಿತು. ಇದನ್ನು ಎರಡನೆಯ ತೆರಿಗೆಯೆಂದು ಕರೆದ ಇತಿಹಾಸಕಾರರಿದ್ದಾರೆ. ಅವರ ಮಾತು ಸುಳ್ಳಲ್ಲ. ಪಾಲಿಗೆ ಪಾಲು ಎಂಬ ನಿಯಮ ಉಳ್ಳವರ ನಡುವೆ ನ್ಯಾಯವಾಗಿ ಕಾಣುತ್ತದೆ. ಹಸಿದವನ ಮುಂದಿಟ್ಟಾಗ ಅದು ಕಠಿನವಾಗುತ್ತದೆ, ಪಾಲು ಕೂಡಿಸಲಾರದಷ್ಟು ಬಡವಾದ ಹಳ್ಳಿಗೆ ಶಾಲೆಯೂ ಇಲ್ಲ. ಪ್ರತ್ಯೇಕತೆಯ ಗೋಡೆಯನ್ನು ರೋಸನ್‌ವಾಲ್ಡ್ ಮುಟ್ಟಲಿಲ್ಲ. ಆ ಗೋಡೆಯ ಒಳಗೇ ಒಳ್ಳೆಯ ಶಾಲೆಗಳನ್ನು ಕಟ್ಟಿದರು.

ಹತೋಟಿಯ ವಿಷಯವೂ ಇದೆ. ವಾಷಿಂಗ್ಟನ್ ೧೯೧೫ರಲ್ಲಿ ತೀರಿಕೊಂಡರು. ಕೆಲಸ ಬೆಳೆದಂತೆ ಲೆಕ್ಕಪತ್ರಗಳು ಟಸ್ಕೀಗಿಯ ಕೈಮೀರಿದುವು. ೧೯೨೦ರಲ್ಲಿ ಕಚೇರಿಯನ್ನು ಟೆನೆಸಿಯ ನ್ಯಾಷ್‌ವಿಲ್ ನಗರಕ್ಕೆ ಒಯ್ದು ಸ್ಯಾಮ್ಯುಯಲ್ ಸ್ಮಿತ್ ಎಂಬ ಬಿಳಿಯ ಅಧಿಕಾರಿಗೆ ವಹಿಸಿದರು. ಅಲ್ಲಿಂದ ಮುಂದೆ ಕಟ್ಟಡಗಳು ಇನ್ನೂ ಗಟ್ಟಿಯಾದುವು, ನಕ್ಷೆಗಳು ಇನ್ನೂ ಅಚ್ಚುಕಟ್ಟಾದುವು. ಆದರೆ ಕಪ್ಪು ಜನರ ಸಂಸ್ಥೆಯೊಂದು ತಾನೇ ಹುಟ್ಟಿಸಿದ ಕಾರ್ಯದ ಲಗಾಮನ್ನು ಕಳೆದುಕೊಂಡಿತು. ಲೆಕ್ಕ ತಪ್ಪಿದಾಗ ಟಸ್ಕೀಗಿಗೆ ಗುಮಾಸ್ತರನ್ನು ಕಳಿಸಿಕೊಡಬಹುದಾಗಿತ್ತಲ್ಲ ಎಂದು ನಾವು ಕೇಳಬಹುದು. ದಾನಿಗಳು ಈ ಉಪಾಯಕ್ಕಿಂತ ಕಚೇರಿ ಬದಲಾಯಿಸುವ ಉಪಾಯವನ್ನೇ ಬೇಗ ಹಿಡಿಯುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ರೋಸನ್‌ವಾಲ್ಡ್ ಇತರ ಧನಿಕರಿಗಿಂತ ಬೇರೆಯಾಗಿ ನಿಂತರು. ಬಡ್ಡಿಯಿಂದ ನಡೆಯುತ್ತ ಶಾಶ್ವತವಾಗಿ ಉಳಿಯುವ ದತ್ತಿಗಳಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ೧೯೨೯ರಲ್ಲಿ ಅಟ್ಲಾಂಟಿಕ್ ಮಾಸಪತ್ರಿಕೆಯಲ್ಲಿ ಲೇಖನ ಬರೆದು ಅವರು ಈ ಪದ್ಧತಿಯನ್ನು ಬಹಿರಂಗವಾಗಿ ಖಂಡಿಸಿದರು. ಸತ್ತವರ ಕೈ ಬದುಕಿರುವವರ ಕೆಲಸವನ್ನು ಹಿಡಿದು ನಿಲ್ಲಿಸಬಾರದು, ನಾಳಿನ ಕಷ್ಟಕ್ಕೆ ನಾಳಿನ ದಾನಿಗಳು ಬರುತ್ತಾರೆ ಎಂಬುದು ಅವರ ವಾದದ ಸಾರ. ತಾವು ತೀರಿಕೊಂಡ ಇಪ್ಪತ್ತೈದು ವರ್ಷಗಳೊಳಗೆ ಅಸಲೂ ಸೇರಿ ಎಲ್ಲವೂ ಖರ್ಚಾಗಿ ನಿಧಿ ಮುಚ್ಚಬೇಕೆಂದು ಅವರು ವಿಧಿಸಿದರು. ೧೯೩೨ರ ಜನವರಿಯಲ್ಲಿ ಅವರು ತೀರಿಕೊಂಡರು. ಷೇರುಪೇಟೆಯ ಕುಸಿತದಲ್ಲಿ ನಿಧಿಯ ಬೆಲೆಯೂ ಬಿದ್ದಿತ್ತು. ಉಳಿದ ಹಣ ಕಪ್ಪು ವಿದ್ವಾಂಸರಿಗೂ ಕಲಾವಿದರಿಗೂ ವಿದ್ಯಾರ್ಥಿವೇತನವಾಗಿ, ಕಾಲೇಜುಗಳಿಗೆ ನೆರವಾಗಿ ಹೋಯಿತು. ೧೯೪೮ರಲ್ಲಿ ನಿಧಿ ಮುಚ್ಚಿತು.

ಆರು ವರ್ಷಗಳ ಮೇಲೆ, ೧೯೫೪ರಲ್ಲಿ, ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಬಯಸಿದ ತೀರ್ಪೇ ಬಂದಿತ್ತು. ಆದರೆ ಒಂದೊಂದಾಗಿ ವಂತಿಗೆಯ ಶಾಲೆಗಳು ಬಾಗಿಲು ಹಾಕಿದುವು. ಆಗ ಆ ಹಳೆಯ ಷರತ್ತು ತಿರುಗಿ ನಿಂತಿತು: ಕಾಗದದಲ್ಲಿ ಕಟ್ಟಡವೂ ನೆಲವೂ ಸರಕಾರದ್ದು. ಅಜ್ಜ ಕೊಟ್ಟ ನೆಲ, ಅಜ್ಜಿ ಬುತ್ತಿ ಮಾರಿ ಹಾಕಿಸಿದ ಕಿಟಕಿ ಹರಾಜಿಗೆ ಬಂದುವು. ಕೆಲವು ಹುಲ್ಲಿನ ಕೊಟ್ಟಿಗೆಗಳಾದುವು, ಬಹಳಷ್ಟು ಕುಸಿದುಹೋದುವು. ೨೦೦೨ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಮಾರಕ ಸಂರಕ್ಷಣಾ ಸಂಸ್ಥೆ ಅಳಿವಿನ ಅಂಚಿನಲ್ಲಿರುವ ತಾಣಗಳ ಪಟ್ಟಿಗೆ ಇವನ್ನು ಸೇರಿಸಿತು. ಈಗ ಹತ್ತರಲ್ಲಿ ಸುಮಾರು ಒಂದು ಉಳಿದಿದೆ. ಹಲವು ಊರುಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿ ಮತ್ತೆ ಹಣ ಎತ್ತಿ, ತಮ್ಮ ಹಿರಿಯರು ಕಟ್ಟಿದ ಶಾಲೆಯನ್ನು ತಾವೇ ಕ್ರಯಕ್ಕೆ ಕೊಂಡು, ಸೂರು ಹೊದಿಸಿ, ಊರಿನ ಸಭಾಭವನವನ್ನಾಗಿ ಇಟ್ಟುಕೊಂಡಿದ್ದಾರೆ.