ಆಶ್ರಯ ಕೋರುವ ಮಹಿಳೆ ಮತ್ತು ಅಂತರರಾಷ್ಟ್ರೀಯ ಕಾನೂನು: ಒಂದು ವ್ಯಾಖ್ಯಾನದ ಚರಿತ್ರೆ

1951ರ ಜುಲೈ 28ರಂದು ಜಿನೀವಾದಲ್ಲಿ ಅಂಗೀಕೃತವಾದ ನಿರಾಶ್ರಿತರ ಒಪ್ಪಂದದ ಪ್ರಕಾರ ದಮನದ ಭಯಕ್ಕೆ ಐದು ಕಾರಣಗಳಲ್ಲಿ ಒಂದಾದರೂ ಇರಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ. ಈ ಪಟ್ಟಿಯಲ್ಲಿ ಲಿಂಗವಿಲ್ಲ. ಅದು ಯಾರಿಗೂ ಹೊಳೆಯದೆ ಬಿಟ್ಟುಹೋದದ್ದೂ ಅಲ್ಲ. ತಾರತಮ್ಯವನ್ನು ನಿಷೇಧಿಸುವ 3ನೇ ವಿಧಿಗೆ ಲಿಂಗವನ್ನು ಸೇರಿಸುವಂತೆ ಯುಗೊಸ್ಲಾವಿಯಾದ ಪ್ರತಿನಿಧಿ ಸೂಚಿಸಿದ್ದರು. ಸ್ತ್ರೀಪುರುಷ ಸಮಾನತೆ ಆಯಾ ದೇಶದ ಶಾಸನಕ್ಕೆ ಸೇರಿದ್ದು ಎಂಬ ವಾದದ ಮುಂದೆ ಆ ಸೂಚನೆ ನಿಲ್ಲಲಿಲ್ಲ. ಲಿಂಗದ ಕಾರಣಕ್ಕೆ ದಮನ ನಡೆಯುವುದುಂಟೇ ಎಂದು ಅಂದಿನ ನಿರಾಶ್ರಿತರ ಹೈಕಮಿಷನರ್ ಅವರೇ ಸಂದೇಹಪಟ್ಟಿದ್ದರು. ಮುಂದಿನ ಏಳು ದಶಕಗಳಲ್ಲಿ ಒಪ್ಪಂದದ ಈ ಪಟ್ಟಿ ಬದಲಾಗಲಿಲ್ಲ, ಅದನ್ನು ಓದುವ ಕ್ರಮ ಬದಲಾಯಿತು. ಮಹಿಳೆಗೆ ಸಿಕ್ಕ ರಕ್ಷಣೆಯ ಬಲವೂ ದೌರ್ಬಲ್ಯವೂ ಇಲ್ಲೇ ಇದೆ ಎಂಬುದು ಈ ಲೇಖನದ ವಾದ.

ಹೊಸ ಓದಿಗೆ ದಾರಿಯಾದದ್ದು 'ನಿರ್ದಿಷ್ಟ ಸಾಮಾಜಿಕ ಗುಂಪು' ಎಂಬ ನಾಲ್ಕನೆಯ ಆಧಾರ. ಸಮಾಜದ ಕಟ್ಟುಪಾಡು ಮೀರಿದ್ದಕ್ಕಾಗಿ ಕ್ರೌರ್ಯ ಎದುರಿಸುವ ಮಹಿಳೆಯರನ್ನು ಇಂಥ ಗುಂಪೆಂದು ಪರಿಗಣಿಸಲು ರಾಷ್ಟ್ರಗಳಿಗೆ ಅಡ್ಡಿಯಿಲ್ಲ ಎಂದು 1985ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಾರ್ಯಕಾರಿ ಸಮಿತಿ ಹೇಳಿತು. 1993ರಲ್ಲಿ ಕೆನಡಾ ಈ ಕುರಿತು ಮಾರ್ಗಸೂಚಿ ಹೊರಡಿಸಿದ ಮೊದಲ ದೇಶವಾಯಿತು. 1996ರಲ್ಲಿ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ, ಜನನಾಂಗ ಛೇದನಕ್ಕೆ ಹೆದರಿ ಓಡಿಬಂದ ಟೋಗೋ ದೇಶದ ಯುವತಿಗೆ ಆಶ್ರಯ ಕೊಟ್ಟಿತು. ಆದರೆ ತರ್ಕ ಸ್ಪಷ್ಟವಾಗಿ ಮೂಡಿದ್ದು 1999ರಲ್ಲಿ, ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿನಲ್ಲಿ. ವ್ಯಭಿಚಾರದ ಆರೋಪ ಹೊತ್ತು, ಗಂಡನ ಮನೆಯಿಂದ ಹೊರದೂಡಿಸಿಕೊಂಡ ಇಬ್ಬರು ಪಾಕಿಸ್ತಾನಿ ಮಹಿಳೆಯರ ಪ್ರಕರಣವದು. ಗಂಡನ ಹಲ್ಲೆ ಖಾಸಗಿ ಕೃತ್ಯ, ಅದಕ್ಕೂ ನಿರಾಶ್ರಿತರ ಕಾನೂನಿಗೂ ಏನು ಸಂಬಂಧ ಎಂಬುದು ಅಲ್ಲಿನ ಪ್ರಶ್ನೆ. ನ್ಯಾಯಾಧೀಶರು ಎರಡು ಸಂಗತಿಗಳನ್ನು ಕೂಡಿಸಿ ನೋಡಿದರು: ಹೊಡೆಯುವವನು ಗಂಡ, ಹೆಣ್ಣೆಂಬ ಕಾರಣಕ್ಕೆ ರಕ್ಷಣೆ ನಿರಾಕರಿಸುವುದು ಪ್ರಭುತ್ವ. ಎರಡೂ ಸೇರಿದಾಗ ಅದು ದಮನವೇ ಆಗುತ್ತದೆ.

ಒಂದು ದೇಶದ ಅರ್ಧ ಜನಸಂಖ್ಯೆಯನ್ನೇ ಗುಂಪೆಂದು ಒಪ್ಪಿದರೆ ಆಶ್ರಯ ಕೇಳುವವರ ಮಹಾಪೂರವೇ ಹರಿದುಬರುತ್ತದೆ ಎಂಬ ಆಕ್ಷೇಪ ಹಳೆಯದು. ಗುಂಪಿಗೆ ಸೇರಿದ ಮಾತ್ರಕ್ಕೆ ಯಾರಿಗೂ ಆಶ್ರಯ ಸಿಗುವುದಿಲ್ಲ ಎಂಬುದನ್ನು ಈ ಆಕ್ಷೇಪ ಮರೆಯುತ್ತದೆ. ಭಯಕ್ಕೆ ಬಲವಾದ ಆಧಾರವಿರಬೇಕು, ತನ್ನ ದೇಶ ರಕ್ಷಿಸದೆಂಬುದು ತೋರಬೇಕು. ಧರ್ಮ, ಜನಾಂಗಗಳೂ ಕೋಟ್ಯಂತರ ಜನರನ್ನು ಒಳಗೊಳ್ಳುತ್ತವೆ. ಅವನ್ನು ಕೈಬಿಡಬೇಕೆಂದು ಯಾರೂ ಕೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ತಾಲಿಬಾನ್ ಆಡಳಿತದ ಅಫ್ಘಾನ್ ಮಹಿಳೆಯರ ವಿಷಯದಲ್ಲಿ ಲಿಂಗ ಮತ್ತು ರಾಷ್ಟ್ರೀಯತೆಗಳನ್ನು ಪರಿಗಣಿಸಿದರೆ ಸಾಕು ಎಂದಿತು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ವ್ಯಾಖ್ಯಾನ ಕೊಟ್ಟದ್ದನ್ನು ವ್ಯಾಖ್ಯಾನವೇ ಕಸಿದುಕೊಳ್ಳಬಹುದು. ಗೃಹಹಿಂಸೆಯಿಂದ ಪಾರಾಗಿ ಬಂದ ಗ್ವಾಟೆಮಾಲಾದ ಮಹಿಳೆಯ ಪರವಾಗಿ 2014ರಲ್ಲಿ ಅಮೆರಿಕದಲ್ಲಿ ಬಂದ ತೀರ್ಪನ್ನು 2018ರಲ್ಲಿ ಅಟಾರ್ನಿ ಜನರಲ್ ತಳ್ಳಿಹಾಕಿದರು. 2021ರಲ್ಲಿ ಆ ಹುದ್ದೆಗೆ ಬಂದ ಇನ್ನೊಬ್ಬರು ಆ ಆದೇಶವನ್ನು ರದ್ದುಪಡಿಸಿದರು. ಹಾಗಾದರೆ ಲಿಂಗವನ್ನು ಆರನೆಯ ಆಧಾರವಾಗಿ ಸೇರಿಸಬಾರದೇಕೆ? ಸೇರಿಸಿದರೆ ಒಳ್ಳೆಯದೇ. ಆದರೆ ವಲಸೆಯ ಬಗ್ಗೆ ಸರ್ಕಾರಗಳು ಮುನಿದಿರುವ ಈ ಕಾಲದಲ್ಲಿ ಒಪ್ಪಂದವನ್ನು ತಿದ್ದುಪಡಿಗೆ ತೆರೆದರೆ ಇರುವ ರಕ್ಷಣೆಯೂ ಕೈತಪ್ಪೀತು. ಮೇಲಾಗಿ, ಮಹಿಳೆಯರ ಅರ್ಜಿಗಳು ಸೋಲುವುದು ವ್ಯಾಖ್ಯೆಯ ಹಂತದಲ್ಲಷ್ಟೇ ಅಲ್ಲ, ಸಂದರ್ಶನದ ಕೋಣೆಯಲ್ಲೂ. ಗಂಡನ ಅರ್ಜಿಯಲ್ಲಿ ಅವಲಂಬಿತೆಯೆಂದು ಹೆಸರು ಬರೆಸಿ, ಅವನ ಪಕ್ಕದಲ್ಲೇ ಕೂತು, ಗಂಡಸಿನ ಅನುವಾದದ ಮೂಲಕ ಅತ್ಯಾಚಾರವನ್ನು ವಿವರಿಸಬೇಕಾದವಳು ಸುಮ್ಮನಾಗುತ್ತಾಳೆ; ಆ ಮೌನವನ್ನೇ ಅಧಿಕಾರಿ ಸುಳ್ಳಿನ ಗುರುತೆಂದು ಓದಬಹುದು. 2002ರ ವಿಶ್ವಸಂಸ್ಥೆಯ ಮಾರ್ಗಸೂಚಿ ಪ್ರತ್ಯೇಕ ಸಂದರ್ಶನ, ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ ಇರಲಿ ಎಂದದ್ದು ಇಂಥ ಸನ್ನಿವೇಶಗಳನ್ನು ಕಂಡೇ.

ಪದ ಸೇರಿದರಷ್ಟೇ ಸಾಲದು ಎಂಬುದಕ್ಕೆ ಭಾರತವೇ ನಿದರ್ಶನ. 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ನಿರಾಶ್ರಿತರೆಂದು ಹೇಳಿಕೊಳ್ಳುವ ವಿದೇಶಿಯರ ಬಗ್ಗೆ ಕೇಂದ್ರ ಗೃಹ ಸಚಿವಾಲಯ 2011ರಲ್ಲಿ ರಾಜ್ಯಗಳಿಗೆ ಕಳಿಸಿದ ಕಾರ್ಯವಿಧಾನದಲ್ಲಿ ದಮನದ ಕಾರಣಗಳ ಸಾಲಿನಲ್ಲಿ ಲಿಂಗವೂ ಇದೆ. ಆದರೆ ಅದು ಆಡಳಿತಾತ್ಮಕ ಸೂಚನೆ, ಶಾಸನವಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಪ್ಪಂದವನ್ನು 1993ರಲ್ಲೇ ಸ್ಥಿರೀಕರಿಸಿದ ದೇಶ, ಆ ಸೂಚನೆಗೆ ಶಾಸನದ ಬಲವನ್ನೂ ಅರ್ಜಿದಾರಳ ಮಾತು ಕೇಳಿಸುವಂಥ ವಿಚಾರಣಾ ಕ್ರಮವನ್ನೂ ಕೊಡಬೇಕಾಗಿದೆ.